ಕಣ ಮಾಡಿ ಬಣವೆ ಒಟ್ಟುವ ಇಲಿ

ಸುಗ್ಗಿ ಬಂತೆಂದರೆ ಮೊದಲು ಕಣ ಆಗಬೇಕು. ನೆಲ ಕೆತ್ತಿ, ನೀರು ಚಿಮುಕಿಸಿ, ಸಗಣಿ ಸಾರಿಸಿ ಒಣಗಿಸಿದ ಮೇಲೆ ತೆನೆ ಬರುತ್ತದೆ, ಬಣವೆ ಏಳುತ್ತದೆ. ಹಸಿಯಾಗಿದ್ದಾಗಲೇ ಕಾಳನ್ನು ಹಗೇವಿಗೆ ಸುರಿದರೆ ಬೂಷ್ಟು ಹಿಡಿದು ವರ್ಷದ ಕೂಳೇ ಹೋಯಿತು ಎಂಬುದು ರಾಗಿ ಬೆಳೆದ ಮನೆಯವರಿಗೆಲ್ಲ ಗೊತ್ತು. ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ಒಣ ಬಯಲಿನಲ್ಲಿ ಈ ಗುಟ್ಟು ನೂರೈವತ್ತು ಗ್ರಾಂ ಆಸುಪಾಸಿನ ಒಂದು ಪ್ರಾಣಿಗೂ ಗೊತ್ತು.

ಅಲ್ಲಿ ಮಳೆಗಾಲ ಬರುವುದು ಚಳಿಗಾಲದಲ್ಲಿ. ಮಾರ್ಚ್‌–ಏಪ್ರಿಲ್‌ಗೆ ಹೂವು, ಮೇ ಹೊತ್ತಿಗೆ ಹುಲ್ಲೆಲ್ಲ ಒಣಗಿ ಹೊಂಬಣ್ಣ. ತೆನೆ ಬಲಿತು ಇನ್ನೇನು ಉದುರಬೇಕು ಅನ್ನುವಷ್ಟರಲ್ಲಿ ಈ ಪ್ರಾಣಿ ರಾತ್ರಿ ಬಿಲದಿಂದ ಹೊರಬಂದು ಒಂದೊಂದೇ ಕಡ್ಡಿಯನ್ನು ಹಲ್ಲಿನಿಂದ ಕತ್ತರಿಸಿ ಕೆಡವುತ್ತದೆ. ತೆನೆಯನ್ನು ಕೆನ್ನೆಯ ಹೊರಗಿರುವ ಜೇಬುಗಳಿಗೆ ತುರುಕಿಕೊಂಡು ತನ್ನ ಅಂಗಳಕ್ಕೆ ತರುತ್ತದೆ. ಅಲ್ಲಿ ಬೆರಳು ಇಳಿಯುವಷ್ಟು ಆಳದ ಚಿಕ್ಕ ಚಿಕ್ಕ ಗುಳಿ ತೋಡಿ, ಒಂದೊಂದಕ್ಕೂ ಒಂದು ಹಿಡಿ ತುಂಬಿ, ಮೇಲೆ ತೆಳ್ಳಗೆ ಮಣ್ಣು ಎಳೆಯುತ್ತದೆ. ಒಂದೇ ಅಂಗಳದಲ್ಲಿ ಇಂಥ ಗುಳಿಗಳು ನೂರಾರು ಇರಬಹುದು. ಬಿಸಿಲಿಗೆ ಕಾದ ಮಣ್ಣೇ ಒಲೆಯಾಗಿ ಒಳಗಿನ ತೆನೆ ಒಣಗುತ್ತದೆ. ಕೆಲವು ಸಲ ಗುಳಿಯ ಗೊಡವೆಯೂ ಇಲ್ಲ. ತೆನೆಗಳನ್ನೆಲ್ಲ ಬಿಲದ ಬಾಯ ಹತ್ತಿರ ಬಯಲಲ್ಲೇ ಮೊರದಗಲಕ್ಕೆ ಒಟ್ಟಿಬಿಡುತ್ತದೆ. ಅದನ್ನು ನೋಡಿದವರು ‘ಹುಲ್ಲಿನ ಬಣವೆ’ ಎಂದೇ ಕರೆದರು. ವಾರಗಳು ಕಳೆದು ಕಾಳು ಗರಿಗರಿಯಾದ ಮೇಲೆ ಎಲ್ಲವೂ ನೆಲದಡಿಯ ಕಣಜಕ್ಕೆ ಇಳಿಯುತ್ತದೆ. ಈ ಸುಗ್ಗಿಯ ಕೆಲಸವನ್ನು ಡಬ್ಲ್ಯೂ. ಟಿ. ಶಾ ಎಂಬ ಪ್ರಾಣಿವಿಜ್ಞಾನಿ 1934ರಲ್ಲೇ ವಿವರವಾಗಿ ಬರೆದಿಟ್ಟಿದ್ದಾರೆ.

ಪ್ರಾಣಿಯ ಹೆಸರು ಜೈಂಟ್ ಕಾಂಗರೂ ಇಲಿ, ವೈಜ್ಞಾನಿಕವಾಗಿ ಡೈಪೊಡೊಮಿಸ್ ಇಂಜೆನ್ಸ್. ಹೆಸರಿನಲ್ಲಿ ಎರಡು ಸುಳ್ಳುಗಳಿವೆ. ಇದು ಕಾಂಗರೂವಿನ ನಂಟನಲ್ಲ, ನಮ್ಮ ಮನೆಯ ಇಲಿಗೂ ದೂರದ ಸಂಬಂಧಿಯೇ. ಅಮೆರಿಕ ಖಂಡಗಳದ್ದೇ ಆದ ಬೇರೊಂದು ದಂಶಕ ಕುಟುಂಬ ಇದರದು. ಉದ್ದನೆಯ ಹಿಂಗಾಲುಗಳ ಮೇಲೆ ಕುಪ್ಪಳಿಸಿ ಓಡುವುದರಿಂದ ಕಾಂಗರೂ ಎಂಬ ಪಟ್ಟ ಬಂತು. ಮೈಗಿಂತ ಉದ್ದ ಬಾಲ, ತುದಿಯಲ್ಲಿ ಒಂದು ಕುಚ್ಚು, ದೊಡ್ಡ ಕಪ್ಪು ಕಣ್ಣು. ‘ಜೈಂಟ್’ ಎಂಬುದಂತೂ ಅಣ್ಣತಮ್ಮಂದಿರ ನಡುವಿನ ಲೆಕ್ಕ. ಸುಮಾರು ಇಪ್ಪತ್ತು ಬಗೆಯ ಕಾಂಗರೂ ಇಲಿಗಳಲ್ಲಿ ಇದೇ ದೊಡ್ಡದು, ಆದರೂ ಎರಡು ಅಂಗೈ ಜೋಡಿಸಿದರೆ ಅದರಲ್ಲಿ ಕೂರುತ್ತದೆ. ನೀರು ಕುಡಿಯಬೇಕೆಂದಿಲ್ಲ. ತಿಂದ ಕಾಳು ಮೈಯೊಳಗೆ ಅರಗುವಾಗ ಹುಟ್ಟುವ ನೀರಿನಲ್ಲೇ ಜೀವನ ಸಾಗುತ್ತದೆ.

ಸಿ. ಹಾರ್ಟ್ ಮೆರಿಯಮ್ 1904ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಅವರಿಗೆ ಸಿಕ್ಕ ಮಾದರಿ ಕರೀಜೊ ಬಯಲಿನ ‘ಪೇಂಟೆಡ್ ರಾಕ್’ ಎಂಬ ಬಂಡೆಯ ಹತ್ತಿರದ್ದು. ಬಂಡೆಯ ಮೇಲೆ ಚುಮಾಷ್ ಮೂಲನಿವಾಸಿಗಳು ಬಿಡಿಸಿದ ಹಳೆಯ ಚಿತ್ರಗಳಿವೆ, ಹೆಸರು ಬಂದದ್ದು ಅದರಿಂದಲೇ. ಕರೀಜೊ ಇರುವುದು ಲಾಸ್ ಏಂಜಲಿಸ್‌ನಿಂದ ವಾಯವ್ಯಕ್ಕೆ, ಎರಡು ಬೆಟ್ಟಸಾಲುಗಳ ನಡುವೆ. ಸ್ಯಾನ್ ಆಂಡ್ರಿಯಾಸ್ ಭೂಬಿರುಕು ಬಯಲಿನ ಅಂಚಿನಲ್ಲೇ ಸೀಳಿಕೊಂಡು ಹೋಗಿದೆ. ನಡುವೆ ‘ಸೋಡಾ ಲೇಕ್’ ಎಂಬ ಉಪ್ಪಿನ ಕೆರೆ, ಬೇಸಿಗೆಯಲ್ಲಿ ಬರೀ ಬಿಳಿ ಹೆಪ್ಪಳಿಕೆ. ಚಳ್ಳಕೆರೆಯವರೂ ಮೂಗು ಮುರಿಯುವಷ್ಟು ಕಡಿಮೆ ಮಳೆ. ನೋಡಿದವರು ‘ಇಲ್ಲೇನಿದೆ ಮಣ್ಣು’ ಅನ್ನುವಂಥ ಜಾಗ.

ಮಣ್ಣಿನದೇ ಕಥೆ.

ಈ ಇಲಿ ಒಂಟಿ ಸಂಸಾರಿ. ಒಂದೊಂದಕ್ಕೂ ಒಂದೊಂದು ಗುಡ್ಡೆ. ಆರೇಳು ಮೀಟರ್ ಅಗಲದ, ಸುತ್ತಲಿನ ನೆಲಕ್ಕಿಂತ ತುಸು ಎತ್ತರದ, ಸುಮಾರಾಗಿ ದುಂಡಗಿರುವ ಒಂದು ತಿಟ್ಟು. ಅದರ ಮೇಲೆ ಬಿಲದ ಬಾಯಿಗಳು, ಒಳಗೆ ಸುರಂಗ, ಕಣಜ, ಮಲಗುವ ಕೋಣೆ. ಒಂದು ಸತ್ತರೆ ಇನ್ನೊಂದು ಬಂದು ಅದೇ ಮನೆ ಹಿಡಿಯುತ್ತದೆ. ಹೀಗೆ ತಲೆಮಾರುಗಳ ಕಾಲ ಅದೇ ತಿಟ್ಟನ್ನು ಕೆದಕಿ ಕೆದಕಿ, ಕೆಳಗಿನ ಮಣ್ಣು ಮೇಲೆ, ಮೇಲಿನದು ಕೆಳಗೆ ಆಗುತ್ತಿರುತ್ತದೆ. ಹಿಕ್ಕೆ, ಉಚ್ಚೆ, ತಿಂದು ಬಿಟ್ಟ ಹೊಟ್ಟು, ಮರೆತು ಕೊಳೆತ ಕಾಳು ಎಲ್ಲವೂ ಅದೇ ಮಣ್ಣಿಗೆ. ನಮ್ಮಲ್ಲಿ ತಿಪ್ಪೆಗೊಬ್ಬರ ಹೊತ್ತು ಹಾಕುವಷ್ಟು ಶ್ರದ್ಧೆಯಿಂದಲ್ಲದಿದ್ದರೂ ಫಲ ಅದೇ: ಸಾರಜನಕ ತುಂಬಿದ, ಸಡಿಲವಾದ, ನೀರು ಬೇಗ ಇಂಗುವ ನೆಲ.

ಆದ್ದರಿಂದ ಮಳೆ ಬಿದ್ದ ಮೇಲೆ ತಿಟ್ಟುಗಳು ಸುತ್ತಲಿನ ಬಯಲಿಗಿಂತ ಸೊಂಪಾಗಿ ಹಸುರಾಗುತ್ತವೆ. ತಿಟ್ಟಿನ ಮೇಲಿನ ಸಸ್ಯರಾಶಿ ಪಕ್ಕದ ನೆಲಕ್ಕಿಂತ ಎರಡರಿಂದ ಐದು ಪಟ್ಟು ಹೆಚ್ಚಿರುತ್ತದೆ, ಆ ಎಲೆಗಳಲ್ಲಿ ಪ್ರೋಟೀನೂ ಒಂದಿಷ್ಟು ಜಾಸ್ತಿ. ಈ ವ್ಯತ್ಯಾಸದ ಮೇಲೆ ಹಿಂದೆಯೇ ಕಣ್ಣು ಬಿದ್ದಿತ್ತು. 1944ರಲ್ಲಿ ಆಲ್ಬರ್ಟ್ ಹಾಬೆಕರ್ ಎಂಬುವರು ಈ ಇಲಿಗೂ ಕುರಿ ಮೇವಿಗೂ ಇರುವ ನಂಟಿನ ಬಗ್ಗೆಯೇ ಒಂದು ಪ್ರಬಂಧ ಬರೆದರು. ಇಲಿ ಹುಲ್ಲು ಕದಿಯುತ್ತದೆ ಎಂದು ಗೊಣಗುವ ಕುರಿಗಾರನಿಗೆ, ಅದೇ ಇಲಿಯ ಕೆರೆತದಿಂದ ಹುಲ್ಲು ಸೊಂಪಾಗಿದೆ ಎಂದು ತಿಳಿಹೇಳುವುದು ಅಂದೂ ಸುಲಭವಿರಲಿಲ್ಲ, ಇಂದೂ ಇಲ್ಲ.

ಬೇಸಿಗೆ ಏರಿದಂತೆ ಚಿತ್ರ ತಿರುವುಮುರುವಾಗುತ್ತದೆ. ಅದೇ ಇಲಿ ತನ್ನ ತಿಟ್ಟಿನ ಮೇಲಿನ ಹುಲ್ಲನ್ನೆಲ್ಲ ಬೋಳಿಸುತ್ತದೆ. ತೆನೆ ಬೇಕೆಂಬುದು ಒಂದು ಕಾರಣ. ಕುಪ್ಪಳಿಸಲು, ನರಿ ಹಾವುಗಳನ್ನು ದೂರದಿಂದಲೇ ಕಾಣಲು ಬಯಲು ಬೇಕೆಂಬುದು ಇನ್ನೊಂದು. ಜೂನ್ ವೇಳೆಗೆ ಒಣಹುಲ್ಲಿನ ಹೊಂಬಣ್ಣದ ನಡುವೆ ಬೋಳು ಚಕ್ರಗಳು ಕಾಣಿಸುತ್ತವೆ. ಆಕಾಶದಿಂದ ನೋಡಿದರೆ ಬಯಲಿಗೆ ಸಿಡುಬು ಎದ್ದ ಹಾಗೆ. ರಾತ್ರಿ ಮಾತ್ರ ತಲೆ ಹೊರಹಾಕುವ ಪ್ರಾಣಿಯನ್ನು ಲೆಕ್ಕ ಹಾಕಲು ವಿಜ್ಞಾನಿಗಳಿಗೆ ಇದು ವರವಾಯಿತು. ವಿಮಾನದಲ್ಲಿ ಹಾರಿ, ಆಕಾಶದಿಂದ ತೆಗೆದ ಚಿತ್ರಗಳನ್ನು ಮುಂದಿಟ್ಟುಕೊಂಡು, ಚಕ್ರ ಎಣಿಸಿದರೆ ಇಲಿ ಎಲ್ಲಿದೆ ಎಲ್ಲಿಲ್ಲ ಎಂದು ತಿಳಿಯುತ್ತದೆ.

ಹಾಗಾದರೆ ಈ ಇಲಿ ಇಲ್ಲದಿದ್ದರೆ ಬಯಲು ಹೇಗಿರುತ್ತಿತ್ತು? ಇದಕ್ಕೆ ಉತ್ತರ ಊಹೆಯಿಂದ ಬರುವುದಿಲ್ಲ, ಬೇಲಿಯಿಂದ ಬರುತ್ತದೆ.

ಬೇಲಿಯ ಪ್ರಯೋಗಕ್ಕೆ ದಾರಿ ಹಾಕಿದ್ದು ಕರೀಜೊ ಅಲ್ಲ, ಅರಿಜೋನಾದ ಪೋರ್ಟಲ್ ಎಂಬ ಊರಿನ ಪಕ್ಕದ ಮರುಭೂಮಿ. 1977ರಲ್ಲಿ ಜೇಮ್ಸ್ ಬ್ರೌನ್ ಎಂಬ ಪರಿಸರ ವಿಜ್ಞಾನಿ ಅಲ್ಲಿ 24 ತಾಕುಗಳನ್ನು ಗುರುತು ಮಾಡಿದರು, ಪ್ರತಿಯೊಂದೂ 50 ಮೀಟರ್ ಉದ್ದ, 50 ಮೀಟರ್ ಅಗಲ. ಸುತ್ತ ತಂತಿ ಬೇಲಿ, ಬೇಲಿಗೆ ಸಣ್ಣ ಸಣ್ಣ ಕಿಂಡಿ. ಕೆಲವು ತಾಕುಗಳ ಕಿಂಡಿ ದೊಡ್ಡದು, ಯಾರು ಬೇಕಾದರೂ ಬರಬಹುದು. ಕೆಲವು ಎಷ್ಟು ಚಿಕ್ಕದೆಂದರೆ ಸುಂಡಿಲಿಯಂಥವು ನುಸುಳಬಹುದು, ಕಾಂಗರೂ ಇಲಿ ಮಾತ್ರ ಹೊರಗೇ ನಿಲ್ಲಬೇಕು. ಅಲ್ಲಿದ್ದವು ಮೂರು ಬಗೆಯ ಕಾಂಗರೂ ಇಲಿಗಳು, ಯಾವುವೂ ಅಳಿವಿನಂಚಿನವಲ್ಲ. ಹನ್ನೆರಡು ವರ್ಷ ಕಾದು ನೋಡಿದಾಗ ಅವುಗಳಿಲ್ಲದ ತಾಕುಗಳಲ್ಲಿ ಎತ್ತರದ ಹುಲ್ಲು ಸುಮಾರು ಮೂರು ಪಟ್ಟು ಹೆಚ್ಚಾಗಿತ್ತು. ಕುರುಚಲು ಗಿಡಗಳ ನಡುವೆ ಬರಿ ನೆಲ ಕಾಣುತ್ತಿದ್ದ ಮರುಭೂಮಿ ಹುಲ್ಲುಗಾವಲಾಗುವ ಹಾದಿ ಹಿಡಿದಿತ್ತು. ಬ್ರೌನ್ ಮತ್ತು ಎಡ್ವರ್ಡ್ ಹೆಸ್ಕೆ 1990ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದಾಗ, ಒಂದು ನೆಲ ಮರುಭೂಮಿಯೋ ಹುಲ್ಲುಗಾವಲೋ ಎಂಬುದನ್ನು ಮಳೆ, ಮಣ್ಣು ಮಾತ್ರ ತೀರ್ಮಾನಿಸುತ್ತವೆ ಎಂದುಕೊಂಡಿದ್ದವರು ಕಣ್ಣರಳಿಸಿದರು.

ಇದರ ಹಿಂದಿನ ಲೆಕ್ಕ ಸರಳ. ಕಾಂಗರೂ ಇಲಿ ಆರಿಸುವುದು ದಪ್ಪ ಬೀಜ. ಒಂದು ಸಲ ಹೊರಗೆ ಬಂದರೆ ಗೂಬೆಯ ಉಗುರಿಗೆ ಸಿಗುವ ಭಯ; ಆ ಅಪಾಯಕ್ಕೆ ತಕ್ಕ ಕೂಲಿ ದಪ್ಪ ಕಾಳಿನಲ್ಲೇ ಹುಟ್ಟುವುದು. ದಪ್ಪ ಬೀಜದಿಂದ ಮೊಳೆತ ಸಸಿಗೆ ಮೊದಲ ದಿನದಿಂದಲೇ ಬುತ್ತಿ ಜೋರು. ಅದು ಬೇಗ ಎದ್ದು, ಪಕ್ಕದಲ್ಲಿ ಪುಡಿಬೀಜದಿಂದ ಹುಟ್ಟಿದ ಬಡಸಸಿಯ ನೆತ್ತಿಯ ಮೇಲೆ ನೆರಳು ಹಾಕುತ್ತದೆ. ಇಲಿ ದಪ್ಪ ಬೀಜವನ್ನು ಎತ್ತಿಕೊಂಡು ಹೋದಷ್ಟೂ ಪುಡಿಬೀಜದ ಗಿಡಗಳಿಗೆ ಉಸಿರಾಡಲು ಜಾಗ. ಇಲಿಯನ್ನು ತೆಗೆದರೆ ದಪ್ಪಬೀಜದವರದೇ ದರ್ಬಾರು. ಹೊಲದಲ್ಲಿ ಕಳೆ ಕೀಳುವವರು ಯಾವುದನ್ನು ಬಿಟ್ಟರೆ ಯಾವುದು ಮೇಲೇಳುತ್ತದೆ ಎಂದು ನೋಡಿದ್ದಾರೆ. ಇಲಿ ಮಾಡುವುದೂ ಒಂಥರಾ ಕಳೆ ತೆಗೆಯುವ ಕೆಲಸವೇ, ತನ್ನ ಹೊಟ್ಟೆಯ ಲೆಕ್ಕದಲ್ಲಿ.

ಪೋರ್ಟಲ್‌ನ ಕಥೆಗೆ ಒಂದು ಬಾಲವಿದೆ. 1990ರ ದಶಕದ ನಡುವಿನಲ್ಲಿ ಬೈಲಿ ಎಂಬ ಹೆಸರಿನ ಒಂದು ಸುಂಡಿಲಿ ಎಲ್ಲಿಂದಲೋ ಬಂದು, ಕಾಂಗರೂ ಇಲಿ ಇಲ್ಲದ ತಾಕುಗಳಲ್ಲೇ ಹೆಚ್ಚಾಗಿ ನೆಲೆ ನಿಂತಿತು. ಖಾಲಿ ಬಿದ್ದ ಉಣಿಸನ್ನು ಬಹುಮಟ್ಟಿಗೆ ತಾನು ಉಂಡಿತು. ಆದರೆ ಹಾಗೆ ಜಾಗ ತುಂಬಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು.

ಕರೀಜೊದಲ್ಲಿ ಬೇಲಿ ಏರಿದ್ದು 2007ರಲ್ಲಿ. ಬರ್ಕ್ಲಿ ವಿಶ್ವವಿದ್ಯಾಲಯದ ಜಸ್ಟಿನ್ ಬ್ರಷೇರ್ಸ್ ಮತ್ತು ಲಾರಾ ಪ್ರೂ ಅಲ್ಲಿ ಇಲಿಗೊಂದು, ದನಗಳಿಗೊಂದು ಎಂದು ಬೇರೆ ಬೇರೆ ಬೇಲಿ ಹಾಕಿದರು. ಇಲಿಯ ಬೇಲಿಯನ್ನು ನೆಲದ ಮೇಲೆ ಕಟ್ಟಿದರಷ್ಟೇ ಸಾಲದು, ತೋಡುವ ಪ್ರಾಣಿಯಾದ್ದರಿಂದ ಬಲೆಯನ್ನು ಮಣ್ಣಿನೊಳಕ್ಕೂ ಇಳಿಸಬೇಕು. ಅವರಿಗೆ ಬೇಕಾಗಿದ್ದ ಉತ್ತರ ತುಸು ಜಾಣತನದ್ದು. ಇಲಿ ನೆಲ ತೋಡುವುದರಿಂದ ಏನಾಗುತ್ತದೆ, ಇಲಿ ತಿನ್ನುವುದರಿಂದ ಏನಾಗುತ್ತದೆ? ಎರಡನ್ನೂ ಬಿಡಿಸಿ ನೋಡಬೇಕಿತ್ತು. ಬೇಲಿಯೊಳಗೆ ಇಲಿಯಿಲ್ಲ, ಆದರೆ ಹಿಂದೆ ತೋಡಿದ ತಿಟ್ಟು ಹಾಗೇ ಇದೆ. ಹೊರಗೆ ಎರಡೂ ಇವೆ. ಹೋಲಿಸಿದರೆ ತೋಡಿದ ಪಾಲೆಷ್ಟು, ತಿಂದ ಪಾಲೆಷ್ಟು ಎಂದು ಬೇರ್ಪಡಿಸಬಹುದು.

2012ರಲ್ಲಿ ಅವರು ಬರೆದ ತೀರ್ಮಾನ ಹೀಗಿದೆ. ಗಿಡಗಳ ಸಮುದಾಯವನ್ನೂ ಇತರ ಸಣ್ಣ ಸಸ್ತನಿಗಳ ಬಾಳನ್ನೂ ರೂಪಿಸಿದ್ದು ಮುಖ್ಯವಾಗಿ ತೋಡುವ ಕೆಲಸ. ಹುಳುಹುಪ್ಪಟೆಗಳ ಲೋಕವನ್ನು ಬದಲಿಸಿದ್ದು, ಹಲ್ಲಿಗಳು ಹೆಚ್ಚಾಗುವಂತೆ ಮಾಡಿದ್ದು ಮಿಕ್ಕ ಚಟುವಟಿಕೆ. ಒಟ್ಟಿನಲ್ಲಿ ಇಲಿ ಇದ್ದ ಕಡೆ ಬೇರೆ ಜೀವಿಗಳ ಬಗೆಯೂ ಸಂಖ್ಯೆಯೂ ಜಾಸ್ತಿ. ನೆಲದ ರೂಪವನ್ನೇ ಬದಲಿಸಿ ಇತರರಿಗೆ ನೆಲೆ ಮಾಡಿಕೊಡುವ ಇಂಥ ಜೀವಿಗಳನ್ನು ‘ಪರಿಸರ ವ್ಯವಸ್ಥೆಯ ಎಂಜಿನಿಯರ್’ ಎನ್ನುವ ರೂಢಿ 1994ರಿಂದ ಬಂದಿದೆ. ನದಿಗೆ ಕಟ್ಟೆ ಕಟ್ಟುವ ಬೀವರ್ ಅದರ ಸುಪ್ರಸಿದ್ಧ ಉದಾಹರಣೆ. ಎಂಜಿನಿಯರ್ ಪದವಿ ಈ ಇಲಿಗೆ ಸಲ್ಲುತ್ತದೆ, ಆದರೆ ಒಕ್ಕಲುತನದ ಹೆಸರೇ ಹೆಚ್ಚು ಒಪ್ಪುತ್ತದೆ. ಉಳುವುದು, ಗೊಬ್ಬರ ಹಾಕುವುದು, ಕೊಯ್ಯುವುದು, ಒಣಗಿಸುವುದು, ತುಂಬಿಡುವುದು ಎಲ್ಲವೂ ಇದೆ. ಬಿತ್ತನೆಯೂ ಇದೆ, ಗೊತ್ತಿಲ್ಲದೆ. ಗುಳಿಯಲ್ಲಿ ಹೂತಿಟ್ಟು ಮರೆತದ್ದು, ಮಾಲೀಕನನ್ನು ನರಿ ಹೊತ್ತೊಯ್ದ ಮೇಲೆ ಹಾಗೇ ಉಳಿದದ್ದು ಮುಂದಿನ ಮಳೆಗೆ ಮೊಳೆಯಲು ಕಾದಿರುತ್ತವೆ.

ಇಲ್ಲಿಯವರೆಗಿನ ಕಥೆ ಕೇಳಿದರೆ ಇಲಿಗೆ ಹಾರ ಹಾಕಿ ಸನ್ಮಾನಿಸುವುದೊಂದೇ ಬಾಕಿ. ಅಷ್ಟಕ್ಕೇ ನಿಲ್ಲಿಸಿ ಬರೆದ ಲೇಖನಗಳೂ ಬೇಕಾದಷ್ಟಿವೆ. ಆದರೆ ಇಲಿ ಏನನ್ನು ಬೆಳೆಯುತ್ತದೆ ಎಂದು ಬಗ್ಗಿ ನೋಡಿದರೆ ಪೇಚಾಟ ಶುರು.

ಕರೀಜೊದ ತಿಟ್ಟುಗಳ ಮೇಲೆ ಸೊಂಪಾಗಿ ಬೆಳೆಯುವ ಗಿಡಗಳಲ್ಲಿ ಎರಡನ್ನು ನೋಡಬಹುದು. ಒಂದು ಎರೋಡಿಯಂ, ಅಲ್ಲಿಯವರ ಬಾಯಲ್ಲಿ ಫಿಲಾರಿ. ನೆಲಕ್ಕಂಟಿ ಹರಡುವ ಗಿಡ, ಚಿಕ್ಕ ನೇರಳೆ ಗುಲಾಬಿ ಹೂವು, ಕೊಕ್ಕರೆಯ ಕೊಕ್ಕಿನಂಥ ಕಾಯಿ. ಕಾಯಿ ಒಡೆದರೆ ಒಂದೊಂದು ಬೀಜಕ್ಕೂ ತಿರುಪಿನಂತೆ ಸುತ್ತಿಕೊಂಡ ಬಾಲ. ಒದ್ದೆಯಾದಾಗ ಸುತ್ತು ಬಿಚ್ಚುತ್ತದೆ, ಒಣಗಿದಾಗ ಮತ್ತೆ ಸುತ್ತಿಕೊಳ್ಳುತ್ತದೆ. ಹೀಗೆ ತಿರುಗಿ ತಿರುಗಿ ಬೀಜ ತಾನೇ ನೆಲಕ್ಕೆ ಕೊರೆದುಕೊಂಡು ಇಳಿಯುತ್ತದೆ. ನಮ್ಮ ಬಯಲಿನ ಊಬಿನ ಹುಲ್ಲು ಪಂಚೆಯ ಅಂಚಿಗೆ ಕೊರೆದುಕೊಂಡು ಹೋಗುವ ಉಪಾಯವೇ. ಇನ್ನೊಂದು ಕೆಂಪು ಬ್ರೋಮ್ ಹುಲ್ಲು, ಒಣಗಿದಾಗ ಕೆಂಬಣ್ಣಕ್ಕೆ ತಿರುಗುವ ಕುಚ್ಚಿನಂಥ ತೆನೆಯದು. ಎರಡೂ ಕ್ಯಾಲಿಫೋರ್ನಿಯಾದವಲ್ಲ. ಮೆಡಿಟರೇನಿಯನ್ ಸುತ್ತಲಿನ ನಾಡುಗಳಿಂದ, ಯುರೋಪಿನವರ ದನಕುರಿಗಳ ಉಣ್ಣೆ ಮೇವುಗಳ ಜೊತೆ ಬಂದು ಬೇರು ಬಿಟ್ಟವು. ನಮ್ಮಲ್ಲಿ ಪಾರ್ಥೇನಿಯಂ ಬಂದು ಕಾಂಗ್ರೆಸ್ ಗಿಡವಾಗಿ ಊರೂರು ತುಂಬಿಕೊಂಡಂತೆ.

ಪೌಲಾ ಶಿಫ್‌ಮನ್ ಎಂಬ ಸಸ್ಯ ವಿಜ್ಞಾನಿ 1994ರಲ್ಲಿ ಪ್ರಕಟಿಸಿದ ಸಂಶೋಧನೆಯ ತಲೆಬರಹವೇ ಮುಜುಗರದ್ದು: ಅಳಿವಿನಂಚಿನ ಜೈಂಟ್ ಕಾಂಗರೂ ಇಲಿಗಳಿಂದ ಪರದೇಶಿ ಕಳೆಗಳಿಗೆ ಉತ್ತೇಜನ. ಕೆದಕಿದ ಮಣ್ಣು ಯಾವಾಗಲೂ ಕಳೆಗಳ ತವರು, ಗೊಬ್ಬರವೂ ಸೇರಿದರೆ ಕೇಳಬೇಕೆ? ಸ್ಥಳೀಯ ಗಿಡಗಳು ಬಡ ಮಣ್ಣಿಗೆ, ಕೆದಕದ ನೆಲಕ್ಕೆ ಹೊಂದಿಕೊಂಡಿದ್ದರೆ ಕಳೆಗಳು ಕೊಬ್ಬಿದ ಮಣ್ಣಿನಲ್ಲಿ ಗೆಲ್ಲುತ್ತವೆ. 2015ರಲ್ಲಿ ಬ್ರಷೇರ್ಸ್ ಮತ್ತು ಪ್ರೂ ಅವರ ಜೊತೆ ಗರ್ನಿ ಎಂಬುವರು ಬರೆದ ಇನ್ನೊಂದು ವರದಿ ಇದಕ್ಕೆ ಒಗ್ಗರಣೆ ಹಾಕಿತು. ಸ್ಥಳೀಯ ಗಿಡಗಳನ್ನು ಮತ್ತೆ ನೆಲೆಗೊಳಿಸಲು ಮಾಡುವ ಪ್ರಯತ್ನಕ್ಕೆ ಇಲಿಯ ತೋಡುವಿಕೆಯೂ ಬೀಜ ಹೊತ್ತೊಯ್ಯುವಿಕೆಯೂ ಅಡ್ಡಗಾಲಾಗುತ್ತವೆ. ಬಿತ್ತಿದವರು ಮನುಷ್ಯರು, ಫಸಲು ಇಲಿಯ ಕಣಜಕ್ಕೆ. ಇಲಿಯನ್ನು ಕಾಯುವುದೂ ನಾಡಿನ ಹುಲ್ಲನ್ನು ಮರಳಿ ತರುವುದೂ ಒಂದೇ ಇಲಾಖೆಯ, ಒಂದೇ ಬಯಲಿನ ಗುರಿಗಳು. ಎರಡನ್ನೂ ಒಟ್ಟಿಗೆ ಹಿಡಿಯುವುದು ಹಗ್ಗದ ಮೇಲಿನ ನಡಿಗೆ.

ಹಾಗೆಂದು ಇಲಿಯನ್ನು ಪರದೇಶಿಗಳ ಏಜೆಂಟ್ ಎಂದು ಕಟಕಟೆಗೆ ನಿಲ್ಲಿಸುವುದು ಅನ್ಯಾಯ. ಅದೇ ತಿಟ್ಟುಗಳ ಮೇಲೆ ಕ್ಯಾಲಿಫೋರ್ನಿಯಾ ಜ್ಯುವೆಲ್‌ಫ್ಲವರ್ ಎಂಬ ಇನ್ನೊಂದು ಜೀವ ಕಾಲೂರಿಕೊಂಡಿದೆ. ಸಾಸಿವೆಯ ಕುಟುಂಬದ ಪುಟ್ಟ ಗಿಡ. ಕಡ್ಡಿಯ ತುದಿಯಲ್ಲಿ ಕಡುಗೆಂಪು ನೇರಳೆ ಮೊಗ್ಗುಗಳು, ಕೆಳಗೆ ಅರಳಿದ ಬಿಳಿಚು ಹೂಗಳು. ಒಂದು ಕಾಲಕ್ಕೆ ಪಕ್ಕದ ಸ್ಯಾನ್ ವಾಕೀನ್ ಕಣಿವೆಯಲ್ಲಿ ಹರಡಿದ್ದ ಈ ಗಿಡ ಉಳುಮೆಗೆ ಸಿಕ್ಕಿ ಬಹುಪಾಲು ಅಳಿದು, 1990ರಲ್ಲಿ ಅಳಿವಿನಂಚಿನ ಪಟ್ಟಿ ಸೇರಿತು. ಕರೀಜೊದಲ್ಲಿ ಉಳಿದಿರುವುದು ಹೆಚ್ಚಾಗಿ ಕಾಂಗರೂ ಇಲಿಯ ತಿಟ್ಟುಗಳ ಮೇಲೆಯೇ. ಕೊಬ್ಬಿದ ಮಣ್ಣು ಅದಕ್ಕೂ ಬೇಕು. ಇಲಿ ಹುಲ್ಲನ್ನು ಬೋಳಿಸಿ ಕೊಡುವ ಬಿಸಿಲೂ ಬೇಕು. ಕಳೆಯೂ ಅಪರೂಪದ ಹೂವೂ ಒಂದೇ ಪಾತಿಯಲ್ಲಿ ಬೆಳೆಯುತ್ತಿವೆ, ಪಾತಿ ಮಾಡಿದವನಿಗೆ ಎರಡರ ವ್ಯತ್ಯಾಸ ಗೊತ್ತಿಲ್ಲ.

ಇಲಿಯ ಬಣವೆಯಲ್ಲೂ ಇದೇ ಬೆರಕೆ. ಪರದೇಶಿ ಬ್ರೋಮ್ ಜೊತೆಗೆ ಪೆಪ್ಪರ್‌ಗ್ರಾಸ್ ಎಂಬ ನಾಟಿ ಗಿಡದ ಕಾಯಿ ಧಾರಾಳ. ಅದು ಉತ್ತರ ಕರ್ನಾಟಕದಲ್ಲಿ ಬಾಣಂತಿಯರಿಗೆ ಉಂಡಿ ಕಟ್ಟಿ ಕೊಡುವ ಅಳ್ವಿಯ ಹತ್ತಿರದ ನಂಟ. ಪುಷ್ಟಿ ಎಲ್ಲಿದೆ ಎಂದು ಇಲಿಗೂ ಗೊತ್ತು.

ಬಿಲದ ಬಾಡಿಗೆದಾರರ ಪಟ್ಟಿ ಇನ್ನೂ ದೊಡ್ಡದು. ನೆರಳೇ ಇಲ್ಲದ ಬಯಲಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಹಲ್ಲಿ ಎಲ್ಲಿಗೆ ಓಡಬೇಕು? 1967ರಿಂದ ಅಳಿವಿನಂಚಿನ ಪಟ್ಟಿಯಲ್ಲಿರುವ ಮೊಂಡು ಮೂತಿಯ ಲೆಪರ್ಡ್ ಹಲ್ಲಿಗೆ ಇಲಿ ಬಿಲವೇ ಆಸರೆ. ಆಂಟೆಲೋಪ್ ಅಳಿಲಿಗೂ ಅಷ್ಟೇ. ಹಾವುಗಳು ಬರುವುದು ಮನೆಗೂ ಊಟಕ್ಕೂ. ಹಾವು ಕಂಡರೆ ಇಲಿ ಬಿಲದ ಬಾಯಲ್ಲಿ ನಿಂತು ಹಿಂಗಾಲುಗಳಿಂದ ನೆಲ ಬಡಿಯುತ್ತದೆ, ಬುಡಬುಡಿಕೆಯವನ ಕೈಯಂತೆ ಬಿಡುವಿಲ್ಲದ ಬಡಿತ. ಜ್ಯಾನ್ ರಾಂಡಲ್ ಎಂಬ ವಿಜ್ಞಾನಿ ಈ ಕಾಲ್ಬಡಿತದ ಭಾಷೆಯನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದರು. ನೆರೆಯವರಿಗೆ ‘ಇದು ನನ್ನ ಜಾಗ’ ಎಂದು ಸಾರುವುದಕ್ಕೂ, ಹಾವಿಗೆ ‘ನಿನ್ನನ್ನು ನೋಡಿಯಾಯಿತು, ಹೊಂಚು ಸಾಕು’ ಎಂದು ಹೇಳುವುದಕ್ಕೂ ಬಡಿತವೇ ಬಾಯಿ. ಇನ್ನು ಬೆಕ್ಕಿನ ಗಾತ್ರದ ಸ್ಯಾನ್ ವಾಕೀನ್ ಕಿಟ್ ನರಿಗೆ ಈ ಇಲಿ ದಿನದ ರೊಟ್ಟಿ. ಅದೂ ಅಳಿವಿನಂಚಿನದೇ.

ಇಷ್ಟೆಲ್ಲ ಹೊತ್ತ ಇಲಿ ತಾನೇ ಅಂಚಿಗೆ ಬಂದದ್ದು ಹೇಗೆ? ಉತ್ತರ ಎರಡು ಪದಗಳಲ್ಲಿದೆ: ನೀರು ಮತ್ತು ವಿಷ. ಒಣ ಬಯಲು ಒಣಗಿಯೇ ಇದ್ದಷ್ಟು ದಿನ ಇಲಿಗೆ ಚಿಂತೆಯಿರಲಿಲ್ಲ. 1960ರ ದಶಕದ ಕೊನೆಯಿಂದ ಉತ್ತರದ ನದಿಗಳ ನೀರನ್ನು ದೊಡ್ಡ ಕಾಲುವೆಗಳಲ್ಲಿ ಸ್ಯಾನ್ ವಾಕೀನ್ ಕಣಿವೆಯ ಪಶ್ಚಿಮಕ್ಕೆ ಹರಿಸಿದರು. ಕೆಲವೇ ವರ್ಷಗಳಲ್ಲಿ ಬಯಲು ಹತ್ತಿ, ತರಕಾರಿ, ತೋಟಗಳ ನಾಡಾಯಿತು. ಟ್ರ್ಯಾಕ್ಟರ್ ಓಡಿದ ಕಡೆ ತಿಟ್ಟು ಉಳಿಯಲಿಲ್ಲ. ಜೊತೆಗೆ ನೆಲದ ಅಳಿಲು, ಇಲಿಗಳನ್ನು ಕೊಲ್ಲಲು ವಿಷ ಬೆರೆಸಿದ ಕಾಳನ್ನು ಬಯಲಿಗೆ ಎರಚಿದರು. ಕಾಳು ಕಂಡರೆ ಜೇಬು ತುಂಬಿಕೊಂಡು ಹೋಗಿ ಕೂಡಿಡುವ ಪ್ರಾಣಿಗೆ ಇದಕ್ಕಿಂತ ದೊಡ್ಡ ಬಲೆ ಬೇಕೆ? ಹಿಂದಿನ ನೆಲೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಕೈತಪ್ಪಿತು. ಕ್ಯಾಲಿಫೋರ್ನಿಯಾ ರಾಜ್ಯ 1980ರಲ್ಲಿ, ಅಮೆರಿಕದ ಕೇಂದ್ರ ಸರ್ಕಾರ 1987ರಲ್ಲಿ ಇದನ್ನು ಅಳಿವಿನಂಚಿನದೆಂದು ಘೋಷಿಸಿದವು. ಈಗ ಉಳಿದಿರುವುದು ಕರೀಜೊ, ಉತ್ತರದ ಪನೋಚೆ ಕಡೆಯ ಗುಡ್ಡಗಳು ಮತ್ತು ಅಲ್ಲೊಂದು ಇಲ್ಲೊಂದು ತುಣುಕು.

ರೈತರ ಸಿಟ್ಟು ಸುಳ್ಳಲ್ಲ. 1994ರಲ್ಲಿ ಕೆರ್ನ್ ಕೌಂಟಿಯಲ್ಲಿ, ಇದರ ಚಿಕ್ಕ ಸಂಬಂಧಿಯಾದ ಟಿಪ್ಟನ್ ಕಾಂಗರೂ ಇಲಿಗಳನ್ನು ಉಳುವಾಗ ಕೊಂದನೆಂದು ಒಬ್ಬ ವಲಸಿಗ ರೈತನ ಮೇಲೆ ಮೊಕದ್ದಮೆ ಹೂಡಿ, ಟ್ರ್ಯಾಕ್ಟರನ್ನೂ ಜಪ್ತಿ ಮಾಡಿದರು. ಇಲಿಗಾಗಿ ಟ್ರ್ಯಾಕ್ಟರ್ ಬಂಧನವೆಂದು ದೇಶವೆಲ್ಲ ಗುಲ್ಲೆದ್ದಿತು, ಮರುವರ್ಷ ಮೊಕದ್ದಮೆ ಕೈಬಿಟ್ಟರು. ನಮ್ಮಲ್ಲಿ ಭತ್ತದ ಗದ್ದೆಯ ಬದುವಿನಲ್ಲಿ ಬಿಲ ಅಗೆದು, ಹೆಗ್ಗಣ ಕೂಡಿಟ್ಟ ತೆನೆಗಳನ್ನು ಹೊರಗೆಳೆದವರಿಗೆ ಆ ರೈತನ ಪಾಡು ಅರ್ಥವಾದೀತು. ವ್ಯತ್ಯಾಸವಿಷ್ಟೇ: ನಮ್ಮ ಹೆಗ್ಗಣ ಹೊಲವನ್ನು ಹುಡುಕಿಕೊಂಡು ಬಂದು ಕೊಬ್ಬಿತು, ಅಲ್ಲಿನ ಕಾಂಗರೂ ಇಲಿ ಹೊಲ ಬಂದೊಡನೆ ಕಾಲುಕಿತ್ತಿತು.

ಕರೀಜೊದ ಪುಣ್ಯವೆಂದರೆ ಅಲ್ಲಿಗೆ ಕಾಲುವೆ ಮುಟ್ಟಲಿಲ್ಲ. ಮಳೆ ನಂಬಿ ಗೋಧಿ, ಬಾರ್ಲಿ ಹಾಕಿದವರು ಒಬ್ಬೊಬ್ಬರಾಗಿ ಕೈಚೆಲ್ಲಿದರು. ಬೀಳು ಬಿಟ್ಟ ಹೊಲಗಳಿಗೆ ಇಲಿಗಳು ಮರಳಿದವು, ತಿಟ್ಟು ಎಬ್ಬಿಸಿದವು. 2001ರ ಜನವರಿಯಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಸುಮಾರು 2.5 ಲಕ್ಷ ಎಕರೆಯನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಮೆರಿಯಮ್‌ಗೆ ಇಲಿ ಸಿಕ್ಕಿದ್ದ ಪೇಂಟೆಡ್ ರಾಕ್ ಈಗ ಆ ಎಲ್ಲೆಯೊಳಗೇ ಇದೆ. ಎಲ್ಲೆಯ ಉತ್ತರಕ್ಕೆ 2010ರ ದಶಕದಲ್ಲಿ ಎರಡು ದೈತ್ಯ ಸೌರ ವಿದ್ಯುತ್ ಸ್ಥಾವರಗಳು ಎದ್ದವು. ಬಿಸಿಲು ಹೆಚ್ಚು, ಜನ ಕಡಿಮೆ ಇರುವ ಜಾಗ ಇಲಿಗೂ ಪ್ರಿಯ, ಸೌರಫಲಕಕ್ಕೂ ಪ್ರಿಯ. ಬದಲಿಗೆ ಬೇರೆ ಜಮೀನನ್ನು ವನ್ಯಜೀವಿಗಳಿಗೆಂದು ಬಿಡಿಸಿಕೊಂಡರು.

ಆದರೆ ಗಡಿಕಲ್ಲು ನೆಟ್ಟರೆ ಮಳೆ ಕೇಳುತ್ತದೆಯೇ? 2012ರಿಂದ 2015ರವರೆಗೆ ಕ್ಯಾಲಿಫೋರ್ನಿಯಾಕ್ಕೆ ಭೀಕರ ಬರ ಬಿತ್ತು. ಪ್ರೂ ಅವರ ತಂಡ ಕರೀಜೊದಲ್ಲಿ ಗಿಡ, ಹುಳು, ಹಕ್ಕಿ, ಪ್ರಾಣಿಗಳೆಂದು ಒಟ್ಟು 423 ಪ್ರಭೇದಗಳ ಲೆಕ್ಕ ಇಟ್ಟಿತ್ತು. ಕಾಲುಭಾಗದಷ್ಟು ಪ್ರಭೇದಗಳು ಬರಕ್ಕೆ ಸೋತವು, ಗೆದ್ದವು ನೂರಕ್ಕೆ ನಾಲ್ಕು ಮಾತ್ರ. ಕಣಜ ತುಂಬಿಟ್ಟುಕೊಳ್ಳುವ ಜಾಣ ಇಲಿ ಮೊದಮೊದಲು ತಡೆದುಕೊಂಡಿತು. ಬರ ಮುಂದುವರಿದು ಕೂಡಿಟ್ಟದ್ದು ಕರಗಿದ ಮೇಲೆ ಅದೂ ತೀವ್ರವಾಗಿ ಕುಸಿಯಿತು. ವಿಚಿತ್ರವೆಂದರೆ ಮಳೆ ವಿಪರೀತವಾದರೂ ಅದಕ್ಕೆ ಕಷ್ಟವೇ. ಹುಲ್ಲು ದಟ್ಟವಾಗಿ ಬೆಳೆದು ಒಣಗಿ ಚಾಪೆಯಂತೆ ಬಿದ್ದರೆ ಕುಪ್ಪಳಿಸಲು ದಾರಿಯಿಲ್ಲ, ನರಿ ಬಂದದ್ದೂ ಕಾಣುವುದಿಲ್ಲ.

ಬರದ ಬೆನ್ನಿಗೇ 2017ರಲ್ಲಿ ಮಳೆ ಸುರಿದು ಕರೀಜೊ ಅರಳಿತು. ಬೆಟ್ಟಗಳ ಮೇಲೆ ಹಳದಿ, ಕೆಳಗೆ ಫಸೀಲಿಯಾ ಹೂವಿನ ನೇರಳೆ, ನಡುವೆ ಗೋಲ್ಡ್‌ಫೀಲ್ಡ್ಸ್ ಎಂಬ ಹೂ ಚೆಲ್ಲಿದ ಚಿನ್ನ. ಉಪಗ್ರಹದ ಚಿತ್ರದಲ್ಲೂ ಬಣ್ಣ ಕಂಡಿತು. 2019ರಲ್ಲೂ 2023ರಲ್ಲೂ ಮತ್ತೆ ಅಂಥದೇ ಹೂಸಂತೆ. ಜನ ಸಾಲುಗಟ್ಟಿ ಬಂದರು, ಹೂವಿನ ನಡುವೆ ಮಲಗಿ ಫೋಟೊ ತೆಗೆಸಿಕೊಂಡರು. ಕಾಲಡಿಯ ಪುಟ್ಟ ತಿಟ್ಟನ್ನು ನೋಡಿದವರು ಕಡಿಮೆ.

ಸ್ಯಾನ್ ಹೋಸೆ, ಲಾಸ್ ಏಂಜಲಿಸ್ ಸುತ್ತಮುತ್ತ ಕನ್ನಡದ ಮನೆಗಳು ಬೇಕಾದಷ್ಟಿವೆ. ಬೆಳಿಗ್ಗೆ ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಹೊರಟರೆ ಊಟದ ಹೊತ್ತಿಗೆ ಕರೀಜೊ ತಲುಪಬಹುದು. ಮುಂದಿನ ಹೂಮಳೆಯ ವರ್ಷ ಅಲ್ಲಿಗೆ ಹೋಗುವವರಿಗೆ ಒಂದು ಮಾತು: ದಾರಿ ಬಿಟ್ಟು ಬಯಲೊಳಕ್ಕೆ ಇಳಿಯಬೇಡಿ. ಸುತ್ತಲಿಗಿಂತ ತುಸು ಎತ್ತರವಾಗಿ, ತುಸು ಹೆಚ್ಚು ಹಸುರಾಗಿ ಕಾಣುವ ದುಂಡನೆಯ ಜಾಗದ ಅಡಿ ಟೊಳ್ಳು, ಕಾಲಿಟ್ಟರೆ ಕುಸಿಯುತ್ತದೆ. ಅದರೊಳಗೆ ಒಬ್ಬ ಮಲಗಿರುತ್ತಾನೆ, ಸುಗ್ಗಿಗೆ ಇನ್ನು ಒಂದು ತಿಂಗಳಿದೆ.